ಮೊದಲ ರಿಕ್ವೆಸ್ಟ್ ಯಾವಾಗಲೂ ಸರಿ: ಹಳೇ ಸಿಜಿಐ ಸ್ಕ್ರಿಪ್ಟನ್ನು ಸಾಯದಂತೆ ಓಡಿಸಿದ ಲಾಗ್

ನನ್ನ ಹತ್ತಿರ ಪ್ರಾಸ ಹುಡುಕುವ ಒಂದು ಪುಟ್ಟ ಸ್ಕ್ರಿಪ್ಟ್ ಇದೆ. ಪರ್ಲ್‌ನಲ್ಲಿ ಬರೆದದ್ದು. ‘ಮಳೆ’ ಎಂದು ಕೊಟ್ಟರೆ ಹೊಳೆ, ಇಳೆ, ಕಳೆ, ಬೆಳೆ ಎಂದು ಪಟ್ಟಿ ಕೊಡುತ್ತದೆ. ಹಿಂದೆ 1 ಲಕ್ಷ 20 ಸಾವಿರ ಪದಗಳ ಒಂದು ಫೈಲ್ ಇದೆ. ಯಾರು ಯಾವ ಪದ ಹುಡುಕಿದರು ಎಂಬುದು ಮರಿಯಾಡಿಬಿ ಡೇಟಾಬೇಸಿನ ಒಂದು ಟೇಬಲ್‌ಗೆ ಹೋಗುತ್ತದೆ. ಅಷ್ಟೇ.

ಇಲ್ಲಿಯವರೆಗೆ ಅದು ವೆಬ್ ಸರ್ವರ್ ಹಿಂದೆ ಹಳೇ ಸಿಜಿಐ ಪದ್ಧತಿಯಲ್ಲಿ ಓಡುತ್ತಿತ್ತು. ರಿಕ್ವೆಸ್ಟ್ ಬಂತು, ಪ್ರಾಸೆಸ್ ಹುಟ್ಟಿತು, ಪದಗಳ ಫೈಲ್ ಪೂರ್ತಿ ಓದಿತು, ಉತ್ತರ ಕೊಟ್ಟಿತು, ಸತ್ತಿತು. ಮುಂದಿನ ರಿಕ್ವೆಸ್ಟ್‌ಗೆ ಮತ್ತೆ ಮೊದಲಿಂದ. ಇದನ್ನು ಫಾಸ್ಟ್‌ಸಿಜಿಐಗೆ ಬದಲಿಸಬೇಕು, ಅಂದರೆ ಒಂದೇ ಪ್ರಾಸೆಸ್ ಎದ್ದು ಕೂತು ರಿಕ್ವೆಸ್ಟ್ ಮೇಲೆ ರಿಕ್ವೆಸ್ಟ್ ನೋಡಿಕೊಳ್ಳಬೇಕು ಎಂದು ಕೆಲಸ ಶುರು ಮಾಡಿದೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಹನ್ನೊಂದು ದಿನ ಹಿಡಿಯಿತು. ಮಾಡಿದ್ದನ್ನೂ ಕೆಡಿಸಿದ್ದನ್ನೂ ಆದ ಕ್ರಮದಲ್ಲೇ ಬರೆದಿಟ್ಟಿದ್ದೇನೆ.

ಸಾಮಾನು: 2 ಕೋರ್, 2 ಜಿಬಿ ಮೆಮೊರಿಯ ಡೆಬಿಯನ್ ಮಷೀನು. ಎಂಜಿನ್‌ಎಕ್ಸ್ (ವೆಬ್ ಸರ್ವರ್), ಪರ್ಲ್‌ನ ಎಫ್‌ಸಿಜಿಐ ಮಾಡ್ಯೂಲ್ (ಸ್ಕ್ರಿಪ್ಟ್‌ಗೆ ಫಾಸ್ಟ್‌ಸಿಜಿಐ ಕಲಿಸುವುದು), ಸ್ಪಾನ್-ಎಫ್‌ಸಿಜಿಐ (ಪ್ರಾಸೆಸ್ ಎಬ್ಬಿಸಿ ಸಾಕೆಟ್ ಮೇಲೆ ಕೂರಿಸುವುದು), ಅಪಾಚೆ ಬೆಂಚ್ (ಸಾಲು ಸಾಲು ರಿಕ್ವೆಸ್ಟ್ ಕಳಿಸಿ ಅಳೆಯುವುದು). ಜೊತೆಗೆ ಸಿಜಿಐ-ಎಫ್‌ಸಿಜಿಐ ಎಂಬ ಪುಟ್ಟ ಟೂಲ್. ಕೊನೆಯದನ್ನು ಮೂರನೇ ದಿನದವರೆಗೆ ಮುಟ್ಟಲೇ ಇಲ್ಲ. ಅದೇ ದೊಡ್ಡ ತಪ್ಪು.

ದಿನ 1, ಬೆಳಗ್ಗೆ: ಅಳತೆ

ಏನೂ ಮುಟ್ಟುವ ಮೊದಲು, ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್‌ನಿಂದ 20 ಸಲ ಹೊಡೆದು ನೋಡಿದೆ. ಸರಾಸರಿ 1.14 ಸೆಕೆಂಡ್. ಸ್ಕ್ರಿಪ್ಟ್ ಒಳಗೆ ಸಮಯ ಅಳೆದರೆ ಅದರಲ್ಲಿ 0.98 ಸೆಕೆಂಡ್ ಬರೀ ಪದಗಳ ಫೈಲ್ ಓದಿ ಹ್ಯಾಶ್‌ಗೆ ತುಂಬಲು. ಹುಡುಕುವುದಕ್ಕೆ 4 ಮಿಲಿಸೆಕೆಂಡ್ ಕೂಡ ಬೇಡ. ಊಟಕ್ಕಿಂತ ಎಲೆ ಹಾಸುವುದೇ ಹೆಚ್ಚು ಹೊತ್ತು. ಗುರಿ: 50 ಮಿಲಿಸೆಕೆಂಡ್ ಒಳಗೆ ಬರಬೇಕು.

ದಿನ 1, ಮಧ್ಯಾಹ್ನ: ಲೂಪ್ ಹಾಕಿದ್ದು, 502 ಕಂಡದ್ದು

ಬದಲಾವಣೆ ಚಿಕ್ಕದು. ಫೈಲ್ ಓದುವ ಭಾಗವನ್ನು ಮೇಲೆ ಬಿಟ್ಟೆ. ಉಳಿದ ಇಡೀ ಸ್ಕ್ರಿಪ್ಟನ್ನು ಒಂದು ವೈಲ್ ಲೂಪಿನಲ್ಲಿ ಸುತ್ತಿದೆ. ಲೂಪಿನ ಷರತ್ತು ‘ಆಕ್ಸೆಪ್ಟ್ (ಮುಂದಿನ ರಿಕ್ವೆಸ್ಟ್‌ಗೆ ಕಾಯುವ ಫಂಕ್ಷನ್) ಸೊನ್ನೆ ಅಥವಾ ಜಾಸ್ತಿ ಕೊಡುತ್ತಿರುವವರೆಗೆ’. ‘ಇಡೀ ಸ್ಕ್ರಿಪ್ಟನ್ನು ಸುತ್ತಿದೆ’ ಎಂಬುದನ್ನು ನೆನಪಿಟ್ಟುಕೊಳ್ಳಿ. ನಾಳೆ ಅಳುವುದು ಅದಕ್ಕೇ.

ಟರ್ಮಿನಲ್‌ನಲ್ಲಿ ಓಡಿಸಿದೆ, ಚೆನ್ನಾಗಿ ಬಂತು. ಸ್ಪಾನ್-ಎಫ್‌ಸಿಜಿಐ ಮೂಲಕ ಯೂನಿಕ್ಸ್ ಸಾಕೆಟ್ (ಒಂದೇ ಮಷೀನಿನ ಪ್ರಾಸೆಸ್‌ಗಳು ಮಾತಾಡಲು ಬಳಸುವ, ಫೈಲಿನಂತೆ ಕಾಣುವ ಕೊಂಡಿ) ಮೇಲೆ ಎಬ್ಬಿಸಿದೆ. ಎಂಜಿನ್‌ಎಕ್ಸ್‌ನಲ್ಲಿ ಫಾಸ್ಟ್‌ಸಿಜಿಐ ಪಾಸ್ ಸಾಲು ಹಾಕಿ ರೀಲೋಡ್ ಮಾಡಿದೆ. ಬ್ರೌಸರ್ ತೆರೆದರೆ 502, ಅಂದರೆ ಎಂಜಿನ್‌ಎಕ್ಸ್‌ಗೆ ಹಿಂದಿನ ಪ್ರಾಸೆಸ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ.

ಎಂಜಿನ್‌ಎಕ್ಸ್‌ನ ಎರರ್ ಲಾಗ್‌ನಲ್ಲಿ ಸಂಖ್ಯೆ 13, ಪರ್ಮಿಷನ್ ಇಲ್ಲ. ಯೂನಿಕ್ಸ್ ಸಾಕೆಟ್‌ಗೆ ಕನೆಕ್ಟ್ ಆಗಬೇಕಾದರೆ ಬರೆಯುವ ಅನುಮತಿ ಬೇಕು. ಸಾಕೆಟ್ ನನ್ನ ಹೆಸರಲ್ಲಿ ಹುಟ್ಟಿತ್ತು, ಎಂಜಿನ್‌ಎಕ್ಸ್ ಬೇರೆ ಯೂಸರ್. ನಾನು ಮಾಡಿದ ಮೊದಲ ಕೆಲಸ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ. ಓಡಿತು. ನಾಚಿಕೆಯಾಗಿ ಹತ್ತು ನಿಮಿಷದ ನಂತರ ಸರಿಯಾಗಿ ಮಾಡಿದೆ: ಸಾಕೆಟ್‌ನ ಗ್ರೂಪ್ ಎಂಜಿನ್‌ಎಕ್ಸ್‌ನದು, ಮೋಡ್ 0660.

ಮುಂದಿನ ದಿನಗಳಲ್ಲಿ ಇನ್ನೆರಡು ಸಂಖ್ಯೆಗಳೂ ಸಿಕ್ಕವು. ಅವನ್ನೂ ಇಲ್ಲೇ ಬರೆದುಬಿಡುತ್ತೇನೆ. 2 ಎಂದರೆ ಸಾಕೆಟ್ ಫೈಲೇ ಇಲ್ಲ. 111 ಎಂದರೆ ಫೈಲ್ ಇದೆ, ಆದರೆ ಹಿಂದೆ ಕೇಳಿಸಿಕೊಳ್ಳಲು ಯಾರೂ ಕೂತಿಲ್ಲ. ಬ್ರೌಸರ್‌ನಲ್ಲಿ ಮೂರಕ್ಕೂ ಒಂದೇ 502. ಹಾಗಾಗಿ 502 ಕಂಡಾಗ ಬ್ರೌಸರ್ ನೋಡುತ್ತಾ ಕೂರಬೇಡಿ, ಲಾಗ್ ನೋಡಿ. 504 ಬಂದರೆ ಕಥೆ ಬೇರೆ: ಕನೆಕ್ಟ್ ಆಗಿದೆ, ಉತ್ತರ ಬರಲಿಲ್ಲ. ಎಂಜಿನ್‌ಎಕ್ಸ್ ಮಾಮೂಲಾಗಿ 60 ಸೆಕೆಂಡ್ ಕಾಯುತ್ತದೆ.

ದಿನ 1, ರಾತ್ರಿ: ಕನ್ನಡ ಅಕ್ಷರದ ತಕರಾರು

ಪುಟ ಬಂತು. ಆದರೆ ಎರರ್ ಲಾಗ್ ತುಂಬಾ ‘ವೈಡ್ ಕ್ಯಾರೆಕ್ಟರ್’ ಎಚ್ಚರಿಕೆ. ಸ್ಕ್ರಿಪ್ಟ್ ಮೇಲ್ಗಡೆ ಔಟ್‌ಪುಟ್ ಯುಟಿಎಫ್-8 ಎಂದು ಬಿನ್‌ಮೋಡ್ ಸಾಲು ಇದೆ, ಮತ್ತೇನು ಬೇಕು? ಟರ್ಮಿನಲ್‌ನಲ್ಲಿ ಯಾವ ಎಚ್ಚರಿಕೆಯೂ ಇಲ್ಲ.

ವಿಷಯ ಏನೆಂದರೆ, ಫಾಸ್ಟ್‌ಸಿಜಿಐ ಅಡಿಯಲ್ಲಿ ಓಡುವಾಗ ಪ್ರಿಂಟ್ ಹೋಗುವುದು ನಿಜವಾದ ಔಟ್‌ಪುಟ್‌ಗೆ ಅಲ್ಲ. ಮಾಡ್ಯೂಲ್ ತನ್ನದೇ ಹ್ಯಾಂಡಲ್ ಕಟ್ಟಿರುತ್ತದೆ. ಅದಕ್ಕೆ ಬಿನ್‌ಮೋಡ್ ತಾಗುವುದೇ ಇಲ್ಲ. ಪ್ರಿಂಟ್ ಮಾಡುವ ಮೊದಲು ನಾವೇ ಎನ್‌ಕೋಡ್ ಮಾಡಿ ಬೈಟುಗಳನ್ನು ಕೊಡಬೇಕು.

ಹಾಗೆ ಮಾಡಿದೆ. ಆದರೆ ಬಿನ್‌ಮೋಡ್ ಸಾಲು ತೆಗೆಯಲು ಮರೆತೆ. ಈಗ ಬ್ರೌಸರ್‌ನಲ್ಲಿ ಸರಿ, ಟರ್ಮಿನಲ್‌ನಲ್ಲಿ ಕಸ. ಒಂದೇ ಸ್ಕ್ರಿಪ್ಟ್! ಟರ್ಮಿನಲ್‌ನಲ್ಲಿ ಎರಡು ಸಲ ಎನ್‌ಕೋಡ್ ಆಗುತ್ತಿತ್ತು, ಎಂಜಿನ್‌ಎಕ್ಸ್ ಹಿಂದೆ ಒಂದೇ ಸಲ. ಬಿನ್‌ಮೋಡ್ ತೆಗೆದ ಮೇಲೆ ಎರಡೂ ಕಡೆ ಸರಿಯಾಯಿತು. ಇದಕ್ಕೆ ಎರಡು ಗಂಟೆ ಹೋಯಿತು.

ಕರ್ಲ್‌ನಲ್ಲಿ 20 ಸಲ: ಸರಾಸರಿ 9 ಮಿಲಿಸೆಕೆಂಡ್. ಖುಷಿಯಲ್ಲಿ ಮಲಗಿದೆ.

ದಿನ 2: ಎರಡನೇ ರಿಕ್ವೆಸ್ಟ್

ಬೆಳಗ್ಗೆ ‘ಮಳೆ’ ಹುಡುಕಿದೆ. ಹೊಳೆ, ಇಳೆ, ಕಳೆ. ಆಮೇಲೆ ‘ಹಾಡು’ ಹುಡುಕಿದೆ. ಹೊಳೆ, ಇಳೆ, ಕಳೆ, ಕಾಡು, ನಾಡು. ಪುಟ ರಿಫ್ರೆಶ್ ಮಾಡಿದೆ. ಹೊಳೆ, ಇಳೆ, ಕಳೆ, ಕಾಡು, ನಾಡು, ಕಾಡು, ನಾಡು. ಪಟ್ಟಿ ಬೆಳೆಯುತ್ತಲೇ ಹೋಯಿತು.

ನಿನ್ನೆ 20 ಸಲ ಹೊಡೆದಾಗ ಯಾಕೆ ಕಾಣಲಿಲ್ಲ? ಸಮಯ ಮಾತ್ರ ನೋಡಿದ್ದೆ, ಉತ್ತರ ನೋಡಿರಲಿಲ್ಲ.

ಕಾರಣ ಗೊತ್ತಾಯಿತು. ಫಲಿತಾಂಶ ಇಡುವ ಅರೇಯನ್ನು ಫೈಲಿನ ಮೇಲ್ಗಡೆ ಗ್ಲೋಬಲ್ ಆಗಿ ಘೋಷಿಸಿದ್ದೆ, ಎಲ್ಲೂ ಖಾಲಿ ಮಾಡಿರಲಿಲ್ಲ. ಸಿಜಿಐ ಕಾಲದಲ್ಲಿ ಖಾಲಿ ಮಾಡುವ ಅಗತ್ಯವೇ ಇರಲಿಲ್ಲ. ಪ್ರಾಸೆಸ್ ಸಾಯುತ್ತಿತ್ತಲ್ಲ, ಅದೇ ಮನೆ ಗುಡಿಸುತ್ತಿತ್ತು. ಈಗ ಗುಡಿಸುವವರು ಯಾರೂ ಇಲ್ಲ. ನನ್ನದು ಪ್ರಾಸದ ಪಟ್ಟಿ, ಹೋಗಲಿ ಬಿಡಿ. ಇದೇ ಅರೇಯಲ್ಲಿ ಒಬ್ಬರ ವಿಳಾಸವೋ ಬಿಲ್ಲೋ ಇದ್ದು ಇನ್ನೊಬ್ಬರಿಗೆ ಕಾಣಿಸಿದ್ದರೆ?

ಅರೇಯನ್ನು ಲೂಪಿನ ಒಳಗೆ ತಂದೆ. ಸರಿ ಹೋಯಿತು ಅಂದುಕೊಂಡೆ.

ಆಮೇಲೆ ಬಂದದ್ದು ಇದಕ್ಕಿಂತ ಕೆಟ್ಟದ್ದು. ‘ಮಳೆ’ಗೆ ಸರಿ ಉತ್ತರ. ‘ಹಾಡು’ ಹುಡುಕಿದರೆ ಮತ್ತೆ ಮಳೆಯದೇ ಉತ್ತರ. ಏನು ಹುಡುಕಿದರೂ ಮೊದಲು ಹುಡುಕಿದ ಪದದ್ದೇ. ಕೋಡ್ ಎಷ್ಟು ಸಲ ಓದಿದರೂ ತಪ್ಪು ಕಾಣಲಿಲ್ಲ. ಬ್ರೌಸರ್ ಕ್ಯಾಶ್ ಇರಬೇಕು ಎಂದು ಅದನ್ನು ಅಳಿಸಿದೆ. ಎಂಜಿನ್‌ಎಕ್ಸ್ ಕ್ಯಾಶ್ ಇರಬೇಕು ಎಂದು ಕಾನ್ಫಿಗ್ ಹುಡುಕಿದೆ. ಅಲ್ಲಿ ಕ್ಯಾಶ್ ಹಾಕೇ ಇರಲಿಲ್ಲ.

ನಿನ್ನೆ ಇಡೀ ಸ್ಕ್ರಿಪ್ಟನ್ನು ಲೂಪಿನಲ್ಲಿ ಸುತ್ತಿದೆ ಎಂದೆನಲ್ಲ, ಆಗ ಮಧ್ಯದಲ್ಲಿದ್ದ ಸಬ್‌ರುಟೀನುಗಳೂ ಲೂಪಿನ ಒಳಗೆ ಬಂದಿದ್ದವು. ಪರ್ಲ್‌ನಲ್ಲಿ ಹೆಸರಿರುವ ಸಬ್‌ರುಟೀನು ಒಂದೇ ಸಲ ಹುಟ್ಟುತ್ತದೆ. ಹೊರಗಿನ ‘ಮೈ’ (ಆ ಬ್ಲಾಕಿಗಷ್ಟೇ ಸೀಮಿತ) ವೇರಿಯಬಲನ್ನು ಅದು ಮೊದಲ ಸುತ್ತಿನಲ್ಲಿ ಹಿಡಿದುಕೊಂಡದ್ದೇ ಕೊನೆ. ಎರಡನೇ ಸುತ್ತಿನಲ್ಲಿ ಲೂಪಿಗೆ ಹೊಸ ವೇರಿಯಬಲ್ ಸಿಗುತ್ತದೆ, ಸಬ್‌ರುಟೀನು ಮಾತ್ರ ಹಳೆಯದನ್ನೇ ಅಪ್ಪಿಕೊಂಡು ಕೂತಿರುತ್ತದೆ. ಪರ್ಲ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಎಲ್ಲ ಸಬ್‌ರುಟೀನುಗಳನ್ನು ಲೂಪಿನ ಹೊರಗೆ ಎಳೆದೆ, ಬೇಕಾದ್ದನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟೆ.

ಅದೇ ದಿನ ಮೂರನೆಯದೂ ಸಿಕ್ಕಿತು. ಟೆಂಪ್ಲೇಟ್ ಫೈಲನ್ನು ಒಂದೇ ಗುಕ್ಕಿಗೆ ಓದಲು ಸಾಲು ಒಡೆಯುವ ವಿಶೇಷ ವೇರಿಯಬಲನ್ನು ಒಂದು ಕಡೆ ಅನ್‌ಡೆಫ್ ಮಾಡಿದ್ದೆ, ಬದಲಾವಣೆ ಅಲ್ಲಿಗೇ ಮುಗಿಯುವಂತೆ ಲೋಕಲ್ ಎಂದು ಹಾಕಿರಲಿಲ್ಲ. ಎರಡನೇ ರಿಕ್ವೆಸ್ಟ್‌ನಲ್ಲಿ ಬೇರೆ ಫೈಲಿನ 300 ಸಾಲು ಒಂದೇ ಸಾಲಾಗಿ ಬಂತು. ಲೋಕಲ್ ಸೇರಿಸಿದೆ.

ನಾಲ್ಕನೆಯದನ್ನು ತಪ್ಪು ಎನ್ನಬೇಕೋ ದಡ್ಡತನ ಎನ್ನಬೇಕೋ. ಸ್ಕ್ರಿಪ್ಟ್ ತಿದ್ದುತ್ತೇನೆ, ಸೇವ್ ಮಾಡುತ್ತೇನೆ, ರಿಫ್ರೆಶ್ ಮಾಡುತ್ತೇನೆ, ಏನೂ ಬದಲಾಗುವುದಿಲ್ಲ. 40 ನಿಮಿಷ ಹೀಗೇ. ಕೊನೆಗೆ ಸ್ಕ್ರಿಪ್ಟ್‌ನ ಮೊದಲ ಸಾಲಿಗೇ ಸುಮ್ನೆ ಕಸ ಬರೆದೆ. ಆಗಲೂ ಪುಟ ಬಂತು! ಓಡುತ್ತಿರುವ ಪ್ರಾಸೆಸ್‌ಗೆ ಫೈಲ್ ತಿದ್ದಿದ್ದು ಗೊತ್ತಾಗುವುದಿಲ್ಲ, ರೀಸ್ಟಾರ್ಟ್ ಮಾಡಬೇಕು. ಗೊತ್ತಿದ್ದ ವಿಷಯವೇ. ಹತ್ತು ವರ್ಷದ ಸಿಜಿಐ ಅಭ್ಯಾಸ ಕೈಯಿಂದ ಹೋಗುವುದಿಲ್ಲ, ಅಲ್ವಾ?

ದಿನ 3: ಪರೀಕ್ಷೆಗೆ ಒಂದು ಕಟ್ಟೆ ಕಟ್ಟಿದ್ದು

ಎರಡು ದಿನದಲ್ಲಿ ಕಂಡ ಒಂದೇ ಗುಣ: ಮೊದಲ ರಿಕ್ವೆಸ್ಟ್ ಯಾವಾಗಲೂ ಸರಿ. ಟರ್ಮಿನಲ್‌ನಲ್ಲಿ ನೇರ ಓಡಿಸಿದರೆ ಅಂತೂ ತಪ್ಪು ಸಿಗುವ ಸಾಧ್ಯತೆಯೇ ಇಲ್ಲ. ಹಿಂದೆ ಸಾಕೆಟ್ ಇಲ್ಲ ಎಂದು ಗೊತ್ತಾದರೆ ಪರ್ಲ್‌ನ ಎಫ್‌ಸಿಜಿಐ ಮಾಡ್ಯೂಲ್ ಹಳೇ ಸಿಜಿಐಯಂತೆ ನಡೆದುಕೊಳ್ಳುತ್ತದೆ. ಆಕ್ಸೆಪ್ಟ್ ಒಂದು ಸಲ ಸೊನ್ನೆ ಕೊಡುತ್ತದೆ, ಎರಡನೇ ಸಲ ಮೈನಸ್ 1. ಲೂಪ್ ಒಂದೇ ಸುತ್ತು. ಟರ್ಮಿನಲ್‌ನಲ್ಲಿ ನೂರು ಸಲ ಓಡಿಸಿದರೂ ನೂರು ಮೊದಲ ರಿಕ್ವೆಸ್ಟ್‌ಗಳೇ.

ಹಾಗಾದರೆ ಎಂಜಿನ್‌ಎಕ್ಸ್ ಬಿಟ್ಟು ನೇರವಾಗಿ ಸಾಕೆಟ್‌ಗೆ ಮಾತಾಡುವುದು ಹೇಗೆ? ಕರ್ಲ್‌ಗೆ ಯೂನಿಕ್ಸ್ ಸಾಕೆಟ್ ಆಯ್ಕೆ ಇದೆ ಎಂದು ಅದನ್ನೇ ಹಾಕಿದೆ. ಉತ್ತರವೇ ಬರಲಿಲ್ಲ. ಬರುವುದೂ ಇಲ್ಲ. ಕರ್ಲ್ ಆಡುವುದು ಎಚ್‌ಟಿಟಿಪಿ, ಸಾಕೆಟ್ ಹಿಂದೆ ಕೂತಿರುವವನಿಗೆ ಬರುವುದು ಫಾಸ್ಟ್‌ಸಿಜಿಐ. ಅದರಲ್ಲಿ ಪ್ರತಿ ರೆಕಾರ್ಡಿಗೂ 8 ಬೈಟ್‌ನ ತಲೆ ಇರುತ್ತದೆ, ಮೊದಲ ಬೈಟ್ ವರ್ಷನ್, ಅದು 1 ಇರಬೇಕು. (ಇದರ ಉಲ್ಟಾ ತಪ್ಪನ್ನೂ ಹಿಂದೊಮ್ಮೆ ಮಾಡಿದ್ದೆ. ಎಚ್‌ಟಿಟಿಪಿ ಸರ್ವರ್ ಓಡುತ್ತಿದ್ದ ಪೋರ್ಟಿಗೆ ಫಾಸ್ಟ್‌ಸಿಜಿಐ ಪಾಸ್ ತೋರಿಸಿದ್ದೆ. ‘ವರ್ಷನ್ 72 ಗೊತ್ತಿಲ್ಲ’ ಎಂದು ಎಂಜಿನ್‌ಎಕ್ಸ್ ಬೈದಿತ್ತು. 72 ಎಂದರೆ ಆಸ್ಕಿಯಲ್ಲಿ ‘ಎಚ್’ ಅಕ್ಷರ, ಎಚ್‌ಟಿಟಿಪಿಯ ಮೊದಲ ಅಕ್ಷರ.)

ಸಿಜಿಐ-ಎಫ್‌ಸಿಜಿಐ ಟೂಲ್ ಇರುವುದೇ ಇದಕ್ಕೆ. ರಿಕ್ವೆಸ್ಟ್ ಮೆಥಡ್, ಕ್ವೆರಿ ಸ್ಟ್ರಿಂಗ್ ಎರಡನ್ನೂ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಇಟ್ಟು, ಬೈಂಡ್ ಮತ್ತು ಕನೆಕ್ಟ್ ಆಯ್ಕೆಗಳ ಜೊತೆ ಸಾಕೆಟ್ ದಾರಿ ಕೊಟ್ಟರೆ ಉತ್ತರ ಟರ್ಮಿನಲ್‌ಗೆ ಬರುತ್ತದೆ. ಇದನ್ನು ಸುಡೋ ಬಳಸಿ ಎಂಜಿನ್‌ಎಕ್ಸ್‌ನ ಯೂಸರ್ ಹೆಸರಲ್ಲೇ ಓಡಿಸಿದರೆ ಪರ್ಮಿಷನ್ ಪರೀಕ್ಷೆಯೂ ಆಯಿತು. ಇಲ್ಲಿ ಸರಿ ಬಂದು ಬ್ರೌಸರ್‌ನಲ್ಲಿ ತಪ್ಪಿದರೆ ತಪ್ಪು ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ. ಇಲ್ಲೇ ತಪ್ಪಿದರೆ ಸ್ಕ್ರಿಪ್ಟ್‌ನಲ್ಲಿ. ಮೊದಲ ದಿನವೇ ಇದನ್ನು ಇಟ್ಟುಕೊಂಡಿದ್ದರೆ ಕನಿಷ್ಠ ಐದು ಗಂಟೆ ಉಳಿಯುತ್ತಿತ್ತು.

ಮೇಲೆ 30 ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದೆ. ಅದು ಮಾಡುವುದು ಇಷ್ಟು: ಮಳೆ ಕೇಳು, ಉತ್ತರ ಎತ್ತಿಡು. ಹಾಡು ಕೇಳು. 5,000 ಅಕ್ಷರದ ಕಸ ಕೇಳು. ಮತ್ತೆ ಮಳೆ ಕೇಳು. ಮೊದಲ ಮಳೆಯ ಉತ್ತರಕ್ಕೂ ಕೊನೆಯ ಮಳೆಯ ಉತ್ತರಕ್ಕೂ ಒಂದು ಬೈಟ್ ವ್ಯತ್ಯಾಸ ಇದ್ದರೂ ಫೇಲ್. ಉತ್ತರ ಸರಿಯೋ ತಪ್ಪೋ ಎಂದು ಇದು ನೋಡುವುದೇ ಇಲ್ಲ. ಮಧ್ಯೆ ಏನೇ ಆದರೂ ಅದೇ ಪ್ರಶ್ನೆಗೆ ಅದೇ ಉತ್ತರ ಬರುತ್ತದೆಯೇ ಎಂದಷ್ಟೇ ನೋಡುತ್ತದೆ. ಎರಡನೇ ದಿನದ ಮೊದಲ ಮೂರು ತಪ್ಪುಗಳನ್ನು ಬೇಕೆಂದೇ ಒಂದೊಂದಾಗಿ ವಾಪಸ್ ಹಾಕಿ ನೋಡಿದೆ. ಎರಡನ್ನು ಹಿಡಿಯಿತು. ಮೊದಲ ಪದ ಅಂಟಿಕೊಳ್ಳುವ ತಪ್ಪನ್ನು ಹಿಡಿಯಲಿಲ್ಲ. ಮಳೆಗೆ ಎರಡೂ ಸಲ ಮಳೆಯ ಉತ್ತರವೇ ಬಂತಲ್ಲ! ಹಾಗಾಗಿ ಮಳೆಗೂ ಹಾಡಿಗೂ ಬೇರೆ ಬೇರೆ ಉತ್ತರ ಬರಲೇಬೇಕು ಎಂಬ ಸಾಲೂ ಸೇರಿತು.

ಜೊತೆಗೆ ಪ್ರತಿ ಉತ್ತರದ ಹೆಡರ್‌ನಲ್ಲಿ ಎರಡು ಸಂಖ್ಯೆ ಕಳಿಸಲು ಶುರು ಮಾಡಿದೆ: ಪ್ರಾಸೆಸ್ ಐಡಿ, ಮತ್ತು ಆ ಪ್ರಾಸೆಸ್‌ಗೆ ಇದು ಎಷ್ಟನೇ ರಿಕ್ವೆಸ್ಟ್ ಎಂಬ ಎಣಿಕೆ. ಹೋಲಿಕೆ ಮಾಡುವಾಗ ಹೆಡರ್ ಬಿಟ್ಟು ನೋಡಬೇಕು ಅಷ್ಟೇ. ಮುಂದೆ ಈ ಎರಡು ಸಂಖ್ಯೆಗಳೇ ಕೈ ಹಿಡಿದವು.

ಲಾಗ್ ಬಗ್ಗೆ ಒಂದು ಮಾತು. ರಿಕ್ವೆಸ್ಟ್ ನಡೆಯುತ್ತಿರುವಾಗ ಬಂದ ಎಚ್ಚರಿಕೆಗಳು ಎಂಜಿನ್‌ಎಕ್ಸ್‌ನ ಎರರ್ ಲಾಗ್‌ಗೆ ಹೋಗುತ್ತವೆ. ಲೂಪಿನ ಹೊರಗೆ ಬಂದವು ಅಲ್ಲಿಗಲ್ಲ, ಪ್ರಾಸೆಸ್‌ನ ಸ್ವಂತ ಎರರ್ ಔಟ್‌ಪುಟ್‌ಗೆ ಹೋಗುತ್ತವೆ. ಎರಡೂ ಕಡೆ ಟೇಲ್ ಹಾಕಿಟ್ಟುಕೊಳ್ಳಿ.

ದಿನ 4: ಸಿಸ್ಟಮ್‌ಡಿಗೆ ಒಪ್ಪಿಸಿದ್ದು

ಎಂಜಿನ್‌ಎಕ್ಸ್ ಫಾಸ್ಟ್‌ಸಿಜಿಐ ಪ್ರಾಸೆಸ್‌ಗಳನ್ನು ತಾನಾಗಿ ಎಬ್ಬಿಸುವುದಿಲ್ಲ. ಇನ್ಯಾರಾದರೂ ಕಾವಲು ಕೂರಬೇಕು. ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ಎಬ್ಬಿಸಿ ಕಾಯುವ ಸಿಸ್ಟಮ್‌ಡಿಗೆ ಒಂದು ಸರ್ವೀಸ್ ಫೈಲ್ ಬರೆದೆ, ಸ್ಪಾನ್-ಎಫ್‌ಸಿಜಿಐಗೆ ಫೋರ್ಕ್ ಮಾಡಬೇಡ (ಇನ್ನೊಂದು ಪ್ರಾಸೆಸ್ ಹುಟ್ಟಿಸಬೇಡ) ಎಂಬ ಆಯ್ಕೆ ಕೊಟ್ಟೆ, ರೀಸ್ಟಾರ್ಟ್ ‘ಆನ್-ಫೇಲ್ಯೂರ್’ ಎಂದಿಟ್ಟೆ. ಪ್ರಾಸೆಸ್‌ಗೆ ಕಿಲ್ -9 ಹೊಡೆದು ನೋಡಿದೆ, ಎದ್ದು ಬಂತು.

ಮೂರನೇ ದಿನದ ಶೆಲ್ ಸ್ಕ್ರಿಪ್ಟ್‌ಗೆ ‘ಖಾಲಿ ಪದ ಕೇಳು’ ಎಂಬ ಸಾಲು ಸೇರಿಸಿ ಓಡಿಸಿದೆ. ಖಾಲಿ ಪದ ಕೇಳಿದ ತಕ್ಷಣ ಎಲ್ಲ ಸತ್ತಿತು. ಲಾಗ್‌ನಲ್ಲಿ 111. ಸಿಸ್ಟಮ್‌ಡಿ ಎಬ್ಬಿಸಲೂ ಇಲ್ಲ.

ಹಳೇ ಕೋಡಿನಲ್ಲಿ ಪದ ಖಾಲಿ ಇದ್ದರೆ ‘ಪದ ಕೊಡಿ’ ಎಂದು ಪ್ರಿಂಟ್ ಮಾಡಿ ಎಕ್ಸಿಟ್ ಮಾಡುವ ಸಾಲಿತ್ತು. ಸಿಜಿಐಯಲ್ಲಿ ಅದು ಸಭ್ಯ ನಡತೆ. ಇಲ್ಲಿ ಅಂಗಡಿ ಮುಚ್ಚಿ ಮನೆಗೆ ಹೋದ ಹಾಗೆ. ಅದರ ಮೇಲೆ ಬರೀ ಎಕ್ಸಿಟ್ ಎಂದರೆ ಕೋಡ್ 0. ಕೋಡ್ 0 ಎಂದರೆ ‘ಕೆಲಸ ಮುಗೀತು’. ಆನ್-ಫೇಲ್ಯೂರ್ ಇದನ್ನು ಸೋಲು ಎಂದು ಎಣಿಸುವುದಿಲ್ಲ, ಹಾಗಾಗಿ ಎಬ್ಬಿಸುವುದಿಲ್ಲ.

ಸರಿ, ‘ಆಲ್ವೇಸ್’ ಎಂದು ಬದಲಿಸಿದೆ. ಖಾಲಿ ಪದವನ್ನು ಬೇಗ ಬೇಗ ಹತ್ತು ಸಲ ಕೇಳಿದೆ. ಮತ್ತೆ ಸತ್ತಿತು. ಮಾಮೂಲು ಮಿತಿ 10 ಸೆಕೆಂಡಿನಲ್ಲಿ 5 ಸಲ. ಅದು ದಾಟಿದರೆ ಸಿಸ್ಟಮ್‌ಡಿ ಕೈ ಎತ್ತುತ್ತದೆ. ಮಿತಿ ಹೆಚ್ಚಿಸುವ ಆಸೆ ಬಂತು. ಹಾಗೆ ಮಾಡಿದ್ದರೆ ತಪ್ಪಿನ ಮೇಲೆ ಚಾಪೆ ಎಳೆದಂತಾಗುತ್ತಿತ್ತು. ಸ್ಕ್ರಿಪ್ಟ್‌ನಲ್ಲಿ ಎಕ್ಸಿಟ್ ಎಲ್ಲೆಲ್ಲಿದೆ ಎಂದು ಗ್ರೆಪ್ ಮಾಡಿದೆ: 7 ಕಡೆ. ಡೈ (ಎರರ್ ಹೇಳಿ ಸಾಯುವ ಸಾಲು) 4 ಕಡೆ. ಎಕ್ಸಿಟ್‌ಗಳನ್ನು ಸಬ್‌ರುಟೀನಿನಿಂದ ರಿಟರ್ನ್ ಆಗಿ ಬದಲಿಸಿದೆ. ಇಡೀ ರಿಕ್ವೆಸ್ಟ್ ಕೆಲಸವನ್ನು ಇವಾಲ್ (ಡೈ ಆದರೆ ಹಿಡಿದುಕೊಳ್ಳುವ ಬ್ಲಾಕ್) ಒಳಗಿಟ್ಟೆ. ಡೈ ಆದರೆ 500 ಉತ್ತರ ಕೊಟ್ಟು ಮುಂದಿನ ರಿಕ್ವೆಸ್ಟ್‌ಗೆ ಕಾಯುತ್ತದೆ.

ಸಂಜೆ ಮಷೀನ್ ರೀಬೂಟ್ ಮಾಡಿದೆ. 502, ಈ ಸಲ ಸಂಖ್ಯೆ 2. ಸಾಕೆಟ್ ಇಡಲು ರನ್ ಡೈರೆಕ್ಟರಿಯಲ್ಲಿ ಕೈಯಾರೆ ಒಂದು ಫೋಲ್ಡರ್ ಮಾಡಿದ್ದೆ. ರನ್ ಇರುವುದು ಮೆಮೊರಿಯಲ್ಲಿ, ರೀಬೂಟ್ ಆದರೆ ಮಾಯ. ಸ್ಪಾನ್-ಎಫ್‌ಸಿಜಿಐಯನ್ನೇ ಬಿಟ್ಟೆ. ಸಿಸ್ಟಮ್‌ಡಿಯಲ್ಲಿ ಒಂದು ಸಾಕೆಟ್ ಯೂನಿಟ್ ಬರೆದು, ಸರ್ವೀಸ್‌ನಲ್ಲಿ ಸ್ಟ್ಯಾಂಡರ್ಡ್ ಇನ್‌ಪುಟ್ ಆಗಿ ಆ ಸಾಕೆಟನ್ನೇ ಕೊಟ್ಟೆ. ಫಾಸ್ಟ್‌ಸಿಜಿಐ ನಿಯಮದ ಪ್ರಕಾರ ಕೇಳುವ ಸಾಕೆಟ್ ಇರಬೇಕಾದ್ದೂ ಸೊನ್ನೆ ನಂಬರ್ ಡಿಸ್ಕ್ರಿಪ್ಟರ್‌ನಲ್ಲೇ, ಎರಡೂ ಸರಿಯಾಗಿ ಕೂಡುತ್ತವೆ. ಎರರ್ ಔಟ್‌ಪುಟ್ ಜರ್ನಲ್‌ಗೆ (ಸಿಸ್ಟಮ್‌ಡಿಯ ಲಾಗ್) ಹೋಗಲಿ ಎಂದು ಸ್ಪಷ್ಟವಾಗಿ ಬರೆದೆ. ಗ್ರೂಪು, ಮೋಡ್, ಫೋಲ್ಡರ್ ಎಲ್ಲ ಸಾಕೆಟ್ ಯೂನಿಟ್ಟೇ ನೋಡಿಕೊಳ್ಳುತ್ತದೆ.

ಒಂದು ತಮಾಷೆ: ಈಗ ಸರ್ವೀಸನ್ನು ಸ್ಟಾಪ್ ಮಾಡಿದರೂ ಮುಂದಿನ ರಿಕ್ವೆಸ್ಟ್ ಬಂದ ಕೂಡಲೇ ಮತ್ತೆ ಎದ್ದು ಕೂರುತ್ತದೆ. ದೆವ್ವ ಅಂದುಕೊಂಡೆ. ಪೂರ್ತಿ ನಿಲ್ಲಿಸಬೇಕಾದರೆ ಸಾಕೆಟ್ ಯೂನಿಟ್ಟನ್ನೂ ನಿಲ್ಲಿಸಬೇಕು. ಸಿಸ್ಟಮ್‌ಡಿ ಇದನ್ನು ಹೇಳುತ್ತದೆ ಕೂಡ, ನಾನು ಓದಿರಲಿಲ್ಲ.

ದಿನ 5: ಬೆಳಗಿನ ಮೊದಲ ರಿಕ್ವೆಸ್ಟ್

ಬೆಳಗ್ಗೆ ಎದ್ದು ಹುಡುಕಿದರೆ 500. ಲಾಗ್‌ನಲ್ಲಿ ಮರಿಯಾಡಿಬಿಯ ಎರರ್ 2006, ಸರ್ವರ್ ಹೊರಟು ಹೋಗಿದೆ. ಸರ್ವರ್ ಎಲ್ಲೂ ಹೋಗಿಲ್ಲ, ಓಡುತ್ತಲೇ ಇದೆ. ಮಾತಿಲ್ಲದೆ ಸುಮ್ಮನೆ ಕೂತ ಕನೆಕ್ಷನ್ನನ್ನು ಅದು 28,800 ಸೆಕೆಂಡಿನ ನಂತರ ಮುಚ್ಚುತ್ತದೆ, ಅಂದರೆ 8 ಗಂಟೆ. ರಾತ್ರಿ ಹತ್ತಕ್ಕೆ ಕೊನೆಯ ಹುಡುಕಾಟ, ಬೆಳಗ್ಗೆ ಏಳಕ್ಕೆ ಮೊದಲನೆಯದು. ಪಕ್ಕಾ ಲೆಕ್ಕ.

‘ಮೊದಲ ರಿಕ್ವೆಸ್ಟ್ ಯಾವಾಗಲೂ ಸರಿ’ ಎಂದವನಿಗೆ ತಕ್ಕ ಉತ್ತರ. ಆದರೆ ಲೆಕ್ಕ ತಪ್ಪಲಿಲ್ಲ. ಹೆಡರ್‌ನ ಎಣಿಕೆ ನೋಡಿದರೆ ಅದು ಆ ಪ್ರಾಸೆಸ್‌ನ 213ನೇ ರಿಕ್ವೆಸ್ಟ್. ನನ್ನ ದಿನದ ಮೊದಲನೆಯದು, ಅದರದ್ದಲ್ಲ.

ಬಳಸುವ ಮೊದಲು ಪಿಂಗ್ ಮಾಡು, ಸತ್ತಿದ್ದರೆ ಮತ್ತೆ ಕನೆಕ್ಟ್ ಆಗು ಎಂದು ಬರೆದೆ. ಪರೀಕ್ಷೆಗೆ 8 ಗಂಟೆ ಕಾಯುವುದೇ? ಸ್ಕ್ರಿಪ್ಟ್ ಟೆಸ್ಟ್ ಮೋಡ್‌ನಲ್ಲಿದ್ದರೆ ತನ್ನ ಸೆಷನ್‌ನ ವೇಟ್ ಟೈಮ್‌ಔಟನ್ನು 5 ಸೆಕೆಂಡ್‌ಗೆ ಇಳಿಸಿಕೊಳ್ಳುತ್ತದೆ. ಶೆಲ್ ಸ್ಕ್ರಿಪ್ಟ್ 6 ಸೆಕೆಂಡ್ ನಿದ್ದೆ ಮಾಡಿ ಮತ್ತೆ ಕೇಳುತ್ತದೆ. ಇನ್ನೊಂದು ತೀರ್ಮಾನವನ್ನೂ ಮಾಡಿದೆ: ಲಾಗ್ ಬರೆಯಲು ಆಗದಿದ್ದರೆ ಹುಡುಕಾಟ ನಿಲ್ಲಬಾರದು. ಪ್ರಾಸ ಕೇಳಿದವರಿಗೆ ನನ್ನ ಟೇಬಲ್ ಕಟ್ಟಿಕೊಂಡು ಏನಾಗಬೇಕು?

ದಿನ 6: ಒಂದರಿಂದ ನಾಲ್ಕು

ಟೆಸ್ಟ್ ಮೋಡ್‌ನಲ್ಲಿ 20 ಸೆಕೆಂಡ್ ಮಲಗುವ ರಿಕ್ವೆಸ್ಟ್ ಒಂದನ್ನು ಸೇರಿಸಿದೆ. ಅದನ್ನು ಒಂದು ಟ್ಯಾಬ್‌ನಲ್ಲಿ ಬಿಟ್ಟು ಇನ್ನೊಂದರಲ್ಲಿ ಮಳೆ ಹುಡುಕಿದೆ. 20 ಸೆಕೆಂಡ್ ಕಾಯಬೇಕಾಯಿತು. ಪ್ರಾಸೆಸ್ ಒಂದೇ ಇದ್ದರೆ ಒಬ್ಬರು ಬಾಗಿಲಲ್ಲಿ ನಿಂತರೆ ಎಲ್ಲರೂ ನಿಂತಂತೆ.

ನಾಲ್ಕು ವರ್ಕರ್ ಬೇಕು, ಅಂದರೆ ರಿಕ್ವೆಸ್ಟ್ ನೋಡಿಕೊಳ್ಳುವ ನಾಲ್ಕು ಪ್ರಾಸೆಸ್. ಇದಕ್ಕೆ ತಯಾರಾದ ಮಾಡ್ಯೂಲ್ ಇದೆ. ಆದರೂ 25 ಸಾಲಿನಲ್ಲಿ ನಾನೇ ಬರೆದೆ: ತಾಯಿ ಪ್ರಾಸೆಸ್ ಪದಗಳ ಫೈಲ್ ಓದುತ್ತದೆ, ನಾಲ್ಕು ಮಕ್ಕಳನ್ನು ಫೋರ್ಕ್ ಮಾಡುತ್ತದೆ, ಯಾರಾದರೂ ಸತ್ತರೆ ಮತ್ತೊಂದನ್ನು ಹುಟ್ಟಿಸುತ್ತದೆ.

ಮೊದಲ ಸೋಲು: ಮಗು ಹುಟ್ಟಿದ ಕೂಡಲೇ ಸಾಯುವ ತಪ್ಪೊಂದಿತ್ತು. ತಾಯಿ ಮತ್ತೆ ಹುಟ್ಟಿಸಿತು, ಮತ್ತೆ ಸತ್ತಿತು. ಸೆಕೆಂಡಿಗೆ ನೂರಾರು. ಮಷೀನಿನ ಲೋಡ್ ಏರಿ ಎಸ್‌ಎಸ್‌ಎಚ್ ಕೂಡ ತಡವರಿಸಿತು. ಹೊಸ ಮಗುವಿನ ಮೊದಲು ಒಂದು ಸೆಕೆಂಡ್ ನಿದ್ದೆ ಸೇರಿಸಿದೆ.

ಎರಡನೇ ಸೋಲು: ಪದಗಳ ಫೈಲ್ ಜೊತೆ ಡೇಟಾಬೇಸ್ ಕನೆಕ್ಷನ್ನನ್ನೂ ಫೋರ್ಕ್‌ಗೆ ಮೊದಲೇ ತೆರೆದಿದ್ದೆ. ನಾಲ್ಕು ಮಕ್ಕಳ ಕೈಯಲ್ಲಿ ಒಂದೇ ಕನೆಕ್ಷನ್. ಒಂದು ಮಗು ಸಾಯುವಾಗ ಅಚ್ಚುಕಟ್ಟಾಗಿ ಅದನ್ನು ಮುಚ್ಚಿ ಹೋಗುತ್ತಿತ್ತು, ಉಳಿದ ಮೂರಕ್ಕೆ ಎರರ್ 2006. ಹೆಡರ್‌ನಲ್ಲಿ ಪ್ರಾಸೆಸ್ ಐಡಿ ಇರದಿದ್ದರೆ ಇದನ್ನು ಹಿಡಿಯಲು ಇನ್ನೊಂದು ದಿನ ಬೇಕಾಗುತ್ತಿತ್ತು. ನಾಲ್ಕು ವರ್ಕರ್ ಇರುವಾಗ ತಪ್ಪು ಒಮ್ಮೆ ಕಂಡರೆ ಮೂರು ಸಲ ಮರೆಯಾಗುತ್ತದೆ. ಈಗ ಪ್ರತಿ ಮಗುವೂ ಮೊದಲ ಸಲ ಬೇಕಾದಾಗ ತನ್ನದೇ ಕನೆಕ್ಷನ್ ತೆರೆಯುತ್ತದೆ. ಟೆಸ್ಟ್ ಮಾಡುವಾಗ ಮೊದಲು ಒಂದೇ ವರ್ಕರ್ ಇಟ್ಟು ಓಡಿಸುತ್ತೇನೆ, ಆಮೇಲೆ ನಾಲ್ಕು.

ಮೆಮೊರಿ: ಟಾಪ್ ಕಮಾಂಡಿನಲ್ಲಿ ಒಬ್ಬೊಬ್ಬರಿಗೂ 66 ಎಂಬಿ ಕಂಡು ಗಾಬರಿಯಾದೆ. ಆದರೆ ಹಂಚಿಕೊಂಡ ಪುಟಗಳನ್ನು ಟಾಪ್ ಎಲ್ಲರ ಲೆಕ್ಕಕ್ಕೂ ಸೇರಿಸುತ್ತದೆ. ಪ್ರಾಕ್ ಅಡಿಯಲ್ಲಿ ಪಿಎಸ್‌ಎಸ್ (ಹಂಚಿಕೊಂಡದ್ದನ್ನು ಪಾಲು ಮಾಡಿದ ಲೆಕ್ಕ) ಸಂಖ್ಯೆ ಕೂಡಿಸಿದರೆ ತಾಯಿ ಮಕ್ಕಳು ಸೇರಿ 121 ಎಂಬಿ. ಫೈಲನ್ನು ಫೋರ್ಕ್‌ಗೆ ಮೊದಲು ಓದಿದ್ದರ ಲಾಭ.

ದಿನ 8: ನಿಲ್ಲಲು 90 ಸೆಕೆಂಡ್

ಏಳನೇ ದಿನ ಮುಟ್ಟಲಿಲ್ಲ.

5 ಸೆಕೆಂಡ್ ಮಲಗುವ ರಿಕ್ವೆಸ್ಟ್ ನಡೆಯುತ್ತಿರುವಾಗ ರೀಸ್ಟಾರ್ಟ್ ಮಾಡಿದರೆ ಆ ರಿಕ್ವೆಸ್ಟ್‌ಗೆ 502. ಟರ್ಮ್ (ನಿಲ್ಲು ಎನ್ನುವ) ಸಿಗ್ನಲ್ ಬಂದ ಕೂಡಲೇ ಮಗು ಕೆಲಸ ಅರ್ಧಕ್ಕೆ ಬಿಟ್ಟು ಸಾಯುತ್ತಿತ್ತು. ಹ್ಯಾಂಡ್ಲರ್ ಬರೆದೆ: ಸಿಗ್ನಲ್ ಬಂದರೆ ಒಂದು ಫ್ಲಾಗ್ ಎತ್ತು, ಕೈಯಲ್ಲಿರುವ ರಿಕ್ವೆಸ್ಟ್ ಮುಗಿಸಿ ಲೂಪಿನಿಂದ ಹೊರಗೆ ಬಾ. 502 ಹೋಯಿತು. ಆದರೆ ಯಾರೂ ಬಳಸದ ಹೊತ್ತಿನಲ್ಲಿ ರೀಸ್ಟಾರ್ಟ್ ಮಾಡಿದರೆ ಒಂದೂವರೆ ನಿಮಿಷ ಸ್ತಬ್ಧ. 90 ಸೆಕೆಂಡ್ ಕಾದು ಸಿಸ್ಟಮ್‌ಡಿ ಕುತ್ತಿಗೆ ಹಿಚುಕುತ್ತಿತ್ತು.

ಮಕ್ಕಳು ಆಕ್ಸೆಪ್ಟ್‌ನಲ್ಲಿ ಕಾಯುತ್ತಾ ಕೂತಿದ್ದವು. ಸಿಗ್ನಲ್ ಬಂದರೂ ಮಾಡ್ಯೂಲ್ ಮಾಮೂಲಾಗಿ ಕಾಯುವುದನ್ನು ಮುಂದುವರಿಸುತ್ತದೆ. ಸಿಗ್ನಲ್ ಬಂದರೆ ಆಕ್ಸೆಪ್ಟ್ ಸೋಲಲಿ ಎನ್ನುವ ಫ್ಲಾಗ್ ಒಂದಿದೆ. ರಿಕ್ವೆಸ್ಟ್ ಆಬ್ಜೆಕ್ಟ್ ಮಾಡುವಾಗ ಕೊನೆಯ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಕೊಟ್ಟೆ. ಈಗ ಅರ್ಧ ಸೆಕೆಂಡಿನಲ್ಲಿ ನಿಲ್ಲುತ್ತದೆ.

ಅಪಾಚೆ ಬೆಂಚ್‌ನಲ್ಲಿ 2,000 ರಿಕ್ವೆಸ್ಟ್, ಒಮ್ಮೆಗೆ 4. ನಡುವೆ ಮೂರು ಸಲ ರೀಸ್ಟಾರ್ಟ್. ಫೇಲ್ ಆದದ್ದು 0. ಸರ್ವೀಸ್ ಕೆಳಗಿದ್ದಾಗ ಬಂದವು ಸಾಕೆಟ್‌ನ ಸಾಲಿನಲ್ಲಿ ಕಾದು ನಿಂತವು. ಅವುಗಳ ಸಮಯ ಮಾತ್ರ 1 ಸೆಕೆಂಡ್ ದಾಟಿತು.

ದಿನ 11: ಬೊಜ್ಜು

ಹತ್ತನೇ ದಿನ ರಾತ್ರಿ ಮರಿಯಾಡಿಬಿ ಸತ್ತಿತು. ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದಿತ್ತು. ತಪ್ಪು ಮಾಡಿದ್ದು ನನ್ನ ವರ್ಕರ್‌ಗಳು, ಪ್ರಾಣ ಬಿಟ್ಟಿದ್ದು ಅದು. ಒಬ್ಬೊಬ್ಬ ವರ್ಕರ್ 310 ಎಂಬಿಗೆ ಊದಿದ್ದ.

ಎರಡನೇ ದಿನದ ಖುಷಿಯಲ್ಲಿ ಹುಡುಕಾಟದ ಉತ್ತರಗಳಿಗೆ ಒಂದು ಕ್ಯಾಶ್ ಹ್ಯಾಶ್ ಸೇರಿಸಿದ್ದೆ. ಅದಕ್ಕೆ ಮಿತಿ ಇಟ್ಟಿರಲಿಲ್ಲ. ಬಾಟ್‌ಗಳು ಬಂದು ಹಗಲು ರಾತ್ರಿ ಕಂಡ ಕಂಡ ಪದ ಕೇಳಿದ್ದವು. 4 ಮಿಲಿಸೆಕೆಂಡ್ ಹುಡುಕಾಟಕ್ಕೆ ಕ್ಯಾಶ್ ಯಾಕೆ ಬೇಕಿತ್ತು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಿತ್ತು ಹಾಕಿದೆ.

ಜೊತೆಗೆ ಒಂದು ಷರತ್ತು: 500 ರಿಕ್ವೆಸ್ಟ್ ಆದ ಮೇಲೆ ವರ್ಕರ್ ಲೂಪ್ ಬಿಟ್ಟು ಹೊರಡುತ್ತಾನೆ, ತಾಯಿ ಹೊಸಬನನ್ನು ಎಬ್ಬಿಸುತ್ತದೆ. ಪಿಎಚ್‌ಪಿಯ ಫಾಸ್ಟ್‌ಸಿಜಿಐ ಮ್ಯಾನೇಜರ್ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಮ್ಯಾಕ್ಸ್ ರಿಕ್ವೆಸ್ಟ್ಸ್ ಎಂಬ ಸೆಟ್ಟಿಂಗ್ ಇರುವುದು ಇದೇ ಕೆಲಸಕ್ಕೆ. ಸೋಲು ಒಪ್ಪಿಕೊಂಡಂತೆ ಅನ್ನಿಸಬಹುದು. ಸಿಜಿಐಯಲ್ಲಿ ಪ್ರತಿ ಸಲ ಸಾಯುತ್ತಿತ್ತು, ಈಗ 500ಕ್ಕೊಮ್ಮೆ ಸಾಯುತ್ತದೆ. ನನಗಂತೂ ಈ ಹಿಂಜರಿತವಿಲ್ಲ.

ಟೆಸ್ಟ್‌ಗೆ ಈ ಸಂಖ್ಯೆಯನ್ನು 3ಕ್ಕೆ ಇಳಿಸಿ ಓಡಿಸಿದೆ. ಆಗ ಒಂದು ಚಿಕ್ಕ ತಪ್ಪು ಸಿಕ್ಕಿತು: ನಾಲ್ಕೂ ವರ್ಕರ್‌ಗಳು ಒಟ್ಟಿಗೆ ಹೊರಟರೆ ಆ ಒಂದು ಸೆಕೆಂಡ್ ನಿದ್ದೆಯಲ್ಲಿ ಯಾರೂ ಇರುವುದಿಲ್ಲ. ಈಗ ಪ್ರತಿ ವರ್ಕರ್‌ಗೂ 400ರಿಂದ 600ರ ನಡುವೆ ಯಾವುದೋ ಒಂದು ಸಂಖ್ಯೆ. ಸರಿಯಾಗಿ ಹೊರಟವನ ಜಾಗಕ್ಕೆ ನಿದ್ದೆಯಿಲ್ಲದೆ ತಕ್ಷಣ ಹೊಸಬ ಬರುತ್ತಾನೆ, ಬಿದ್ದು ಸತ್ತವನ ಜಾಗಕ್ಕೆ ಮಾತ್ರ ಒಂದು ಸೆಕೆಂಡ್ ತಡ.

ಇವತ್ತಿನ ಸ್ಥಿತಿ: ಸರಾಸರಿ 8 ಮಿಲಿಸೆಕೆಂಡ್, ವರ್ಕರ್‌ಗಳು 64ರಿಂದ 71 ಎಂಬಿ ನಡುವೆ. ಶೆಲ್ ಸ್ಕ್ರಿಪ್ಟ್ 30 ಸಾಲಿನಿಂದ 94 ಸಾಲಿಗೆ ಬೆಳೆದಿದೆ. ರೀಸ್ಟಾರ್ಟ್‌ಗೆ ಮೊದಲು ಪರ್ಲ್‌ನ ಸಿಂಟ್ಯಾಕ್ಸ್ ಚೆಕ್, ರೀಸ್ಟಾರ್ಟ್ ಆದ ಮೇಲೆ ಈ ಸ್ಕ್ರಿಪ್ಟ್, ಎರಡನ್ನೂ ಒಂದೇ ಕಮಾಂಡಿಗೆ ಕಟ್ಟಿದ್ದೇನೆ. ಪದಗಳ ಫೈಲ್ ಬದಲಾದರೆ ತಾನಾಗಿ ಓದಿಕೊಳ್ಳುವುದು ಇನ್ನೂ ಆಗಿಲ್ಲ. ನಿನ್ನೆ ಹತ್ತು ಹೊಸ ಪದ ಸೇರಿಸಿ, ಯಾಕೆ ಬರುತ್ತಿಲ್ಲ ಎಂದು ಕಾಲು ಗಂಟೆ ಬ್ರೌಸರ್ ರಿಫ್ರೆಶ್ ಮಾಡುತ್ತಾ ಕೂತಿದ್ದೆ.